ಗೋಡೆ ಕುರ್ಚಿಯ ಒಳಮಾತು

ಆ ಬೀದಿಯ ಕ್ಷೌರದಂಗಡಿಯಲ್ಲಿ ಎರಡೇ ಕುರ್ಚಿ. ಬಾಗಿಲ ಪಕ್ಕದ್ದು ಅಣ್ಣನದು, ಒಳಗೋಡೆಯ ಪಕ್ಕದ್ದು ತಮ್ಮನದು. ಬೀದಿಯವರು ಇಬ್ಬರನ್ನೂ ಕುರ್ಚಿಯಿಂದಲೇ ಗುರುತಿಸುತ್ತಿದ್ದರು. ಒಬ್ಬ ಬಾಗಿಲ ಕುರ್ಚಿ, ಇನ್ನೊಬ್ಬ ಗೋಡೆ ಕುರ್ಚಿ. ನಡುವೆ ಒಂದು ಮಾರು ಜಾಗ, ಎದುರಿಗೆ ಉದ್ದಕ್ಕೂ ಒಂದೇ ಕನ್ನಡಿ. ಅಷ್ಟು ಹತ್ತಿರ ನಿಂತು, ಒಂದೇ ಕನ್ನಡಿ ನೋಡಿಕೊಂಡು, ಒಂದೇ ಪಾತ್ರೆಯ ಬಿಸಿನೀರು ಬಳಸಿಕೊಂಡು, ಅಣ್ಣತಮ್ಮಂದಿರು ಮಾತು ಬಿಟ್ಟು ಬಹಳ ಕಾಲವಾಗಿತ್ತು. ಆಗ ಅವರ ಕೈಗೆ ತಲೆ ಕೊಟ್ಟು ಅತ್ತ ಮಕ್ಕಳು ಈಗ ಬಂದು ಮೀಸೆ ತಿದ್ದಿಸಿಕೊಂಡು ಹೋಗುತ್ತಿದ್ದರು.

ಜಗಳದ ಕಾರಣ ದೊಡ್ಡದೇನಲ್ಲ. ತಮ್ಮ ಒಬ್ಬ ಗಿರಾಕಿಯ ತಲೆಯನ್ನು ಅರ್ಧ ಮುಗಿಸಿದ್ದ. ಅಣ್ಣನಿಗೆ ಅದು ಸರಿಕಾಣಲಿಲ್ಲ. "ಇತ್ತ ಕೊಡು" ಎಂದು ಕತ್ತರಿ ಕಿತ್ತುಕೊಂಡು ಉಳಿದರ್ಧವನ್ನು ತಾನೇ ಮುಗಿಸಿಬಿಟ್ಟ. ಗಿರಾಕಿ ಒಂದೇ ತಲೆಯ ಮೇಲೆ ಎರಡು ಬಗೆಯ ಕ್ರಾಪು ಹೊತ್ತುಕೊಂಡು ಸಂತೋಷವಾಗಿಯೇ ಹೋದ. ಆದರೆ ತಮ್ಮನ ಮುಖ ಕೆಂಪಗಾಗಿತ್ತು. "ಇನ್ಮೇಲೆ ನನ್ ಜೊತೆ ಮಾತಾಡ್ಬೇಡ" ಎಂದುಬಿಟ್ಟ. ಅಣ್ಣ "ಸರಿ" ಎಂದ. ಅಣ್ಣ ಆಡಿದ ಮಾತನ್ನು ನಡೆಸುವ ಮನುಷ್ಯ. ಹಾಗಾಗಿ ವಿಷಯ ಅಲ್ಲೇ ನಿಂತುಹೋಯಿತು.

ಆದರೂ ಅಂಗಡಿ ನಡೆಯಬೇಕಲ್ಲ. ಅದಕ್ಕೆ ಒಂದು ಏರ್ಪಾಡು ತಾನಾಗಿ ಹುಟ್ಟಿಕೊಂಡಿತು. ಅಣ್ಣನಿಗೆ ಹೇಳಬೇಕಾದ್ದನ್ನು ತಮ್ಮ ಗಿರಾಕಿಗೆ ಹೇಳುವುದು, ಗಿರಾಕಿ ಅದನ್ನು ಅಣ್ಣನಿಗೆ ಮುಟ್ಟಿಸುವುದು. "ಹೊಸ ಬ್ಲೇಡು ಎಲ್ಲಿಟ್ಟಿದಾರೆ ಕೇಳಿ." "ಕಣ್ಣೆದುರಿಗೇ ಇದೆ ಅಂತ ಹೇಳಿ." ಒಂದು ಮಾರು ದೂರದಲ್ಲಿ ಆಡಿದ ಮಾತು ಇಬ್ಬರ ಕಿವಿಗೂ ನೇರವಾಗಿಯೇ ಬೀಳುತ್ತಿತ್ತು. ಆದರೆ ನಡುವಿನವನು ಇನ್ನೊಂದು ಸಲ ಹೇಳುವ ತನಕ ಅದು ಬಿದ್ದ ಲೆಕ್ಕವಲ್ಲ. ಈ ಕೆಲಸದಲ್ಲಿ ಎಲ್ಲರಿಗಿಂತ ಪಳಗಿದವನು ಪಕ್ಕದಂಗಡಿಯ ದರ್ಜಿ. ಪೇಪರ್ ಓದುವ ನೆವದಲ್ಲಿ ದಿನವೂ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಬಿರುಸಾದ ಮಾತು ಬಂದರೆ ತನ್ನ ವೃತ್ತಿಗೆ ತಕ್ಕಂತೆ ಅಂಚು ಮಡಿಸಿ, ಹೊಲಿದು, ಮೆತ್ತಗೆ ಮಾಡಿ ದಾಟಿಸುತ್ತಿದ್ದ. ಅಂಗಡಿ ಅಷ್ಟು ಕಾಲ ಒಡೆಯದೆ ಉಳಿದಿದ್ದರೆ ಅರ್ಧ ಪುಣ್ಯ ಅವನದು. ಉಳಿದರ್ಧ ಹೆಂಡತಿಯರದು. ಒಂದೇ ಮನೆಯ ಮೇಲೆ ಕೆಳಗೆ ವಾಸವಿದ್ದ ಆ ಇಬ್ಬರು ಹೆಂಗಸರು ಜಗಳದಲ್ಲಿ ಸೇರಿಕೊಳ್ಳಲೇ ಇಲ್ಲ. ಅವರಿಗೆ ಅದಕ್ಕೆ ಪುರುಸೊತ್ತಿರಲಿಲ್ಲ.

ತಮ್ಮನಿಗೆ ಪ್ರತಿ ಹೊಸ ವರ್ಷಕ್ಕೂ ಸಂಕಲ್ಪ ಮಾಡುವ ಚಪಲ. ಬೆಳಿಗ್ಗೆ ಎದ್ದು ನಡೆಯಬೇಕು ಎಂದ ವರ್ಷ ಹೊಸ ಬೂಟು ಕಚ್ಚುವ ತನಕ ನಡೆದ. ಸಕ್ಕರೆ ಬಿಡಬೇಕು ಎಂದ ವರ್ಷ ಟೀ ಬರುವ ತನಕ ಬಿಟ್ಟ. ಸಿಟ್ಟು ಮಾಡಿಕೊಳ್ಳಬಾರದು ಎಂಬ ಸಂಕಲ್ಪ ಮುರಿದದ್ದು, ಇದಾದರೂ ಉಳಿಯುತ್ತದೆಯೇ ಎಂದು ಹೆಂಡತಿ ಕೇಳಿದ್ದಕ್ಕೆ. ಇವೆಲ್ಲ ಹೊರಗೆ ಹೇಳಿಕೊಳ್ಳುವ ಸಂಕಲ್ಪಗಳು. ಹೆಂಡತಿಗೂ ಹೇಳದ ಒಂದು ಸಂಕಲ್ಪ ಕೊನೆಯಲ್ಲಿ ಇದ್ದೇ ಇರುತ್ತಿತ್ತು. ಈ ವರ್ಷ ಅಣ್ಣನ ಜೊತೆ ಮಾತಾಡಿಬಿಡಬೇಕು. ಮೊದಲ ಮಾತನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡೇ ಅಂಗಡಿಗೆ ಬರುತ್ತಿದ್ದ. ಅಣ್ಣನ ಬೆನ್ನು ಕಂಡರೆ ಎಳೆದು ಬೀಗ ಹಾಕಿದ ಶಟರಿನ ಹಾಗೆ ಕಾಣುತ್ತಿತ್ತು. ಸಿದ್ಧವಾಗಿದ್ದ ಮಾತನ್ನು ನುಂಗಿ ಗಿರಾಕಿಯ ಕಡೆ ತಿರುಗುತ್ತಿದ್ದ. "ನೀರು ಕಾದಿದೆ ಅಂತ ಅವರಿಗೆ ಹೇಳಿ."

ಹೀಗಿರುವಾಗ ಒಂದು ವರ್ಷದ ಕೊನೆಯ ದಿನ ಗೋಡೆ ಕುರ್ಚಿಗೆ ಒಬ್ಬ ಭಾಷಣಕಾರರು ಬಂದು ಕೂತರು. ಕಂಪನಿಗಳಿಗೆ ಹೋಗಿ ಕೆಲಸಗಾರರಿಗೆ ಹುರುಪು ತುಂಬುವುದು ಅವರ ಉದ್ಯೋಗ. ತಲೆಯ ಮೇಲೆ ಕೂದಲು ಉಳಿದದ್ದು ಕಿವಿಗಳ ಅಕ್ಕಪಕ್ಕ ಮಾತ್ರ. ಅಷ್ಟನ್ನೇ ಆಗಾಗ ಬಂದು ಬಹಳ ಗಂಭೀರವಾಗಿ ಕತ್ತರಿಸಿಕೊಂಡು ಹೋಗುತ್ತಿದ್ದರು.

"ಏನಯ್ಯ, ಹೊಸ ವರ್ಷಕ್ಕೆ ಏನ್ ಸಂಕಲ್ಪ?" ಎಂದರು.

"ಇನ್ನೂ ಯೋಚ್ನೆ ಮಾಡ್ತಿದೀನಿ ಸಾರ್."

"ಮಾಡ್ಬೇಡ. ಸಂಕಲ್ಪ ಅನ್ನೋದು ತಲೆಯಿಂದ ಬರುತ್ತೆ. ತಲೆ ನಂಬೋರು ಉದ್ಧಾರ ಆಗಲ್ಲ."

"ತಲೆ ನಂಬ್ಕೊಂಡೇ ಸಂಸಾರ ಮಾಡ್ತಿರೋನು ಸಾರ್ ನಾನು."

"ನೋಡು, ಇದೂ ನಿನ್ ತಲೆ ಹೇಳ್ತಿರೋದೇ. ಎಲ್ಲಾರ ಒಳಗೂ ಒಂದು ತಿಳಿವಳಿಕೆ ಇರುತ್ತೆ. ಏನೇ ಪ್ರಶ್ನೆ ಬರ್ಲಿ, ಎದೆ ಮೇಲೆ ಕೈ ಇಡು. ಕಣ್ ಮುಚ್ಚು. ಸುಮ್ನಿರು. ಉತ್ತರ ತಾನಾಗೇ ಬರುತ್ತೆ."

"ಬರ್ದಿದ್ರೆ?"

"ಇನ್ನೂ ಸ್ವಲ್ಪ ಹೊತ್ತು ಸುಮ್ನಿರು. ಯಾರಿಗೂ ಹೇಳ್ಬೇಡ. ಹೇಳಿದ್ರೆ ಬಲ ಸೋರಿಹೋಗುತ್ತೆ."

ತಮ್ಮ ಬೆರಗಾಗಿ ನಿಂತ. ಕೊನೆಗೆ "ಪೌಡರ್ ಹಾಕ್ಲಾ ಸಾರ್?" ಎಂದು ಕೇಳಿದ. ಭಾಷಣಕಾರರು ಎದೆ ಮುಟ್ಟಲಿಲ್ಲ, ಕಣ್ಣು ಮುಚ್ಚಲಿಲ್ಲ. "ಜಾಸ್ತಿ ಹಾಕು" ಎಂದರು. ಅದನ್ನು ಗಮನಿಸುವಷ್ಟು ತಿಳಿವಳಿಕೆ ತಮ್ಮನ ಒಳಗೆ ಇನ್ನೂ ಎದ್ದಿರಲಿಲ್ಲ.

ಹೊಸ ವರ್ಷದ ಮೊದಲ ಬೆಳಿಗ್ಗೆ ಹೆಂಡತಿ ಒಲೆಯ ಮುಂದಿನಿಂದಲೇ ಕೇಳಿದಳು. "ರೀ, ಟೀನೋ ಕಾಫೀನೋ?"

ತಮ್ಮ ಎದೆಯ ಮೇಲೆ ಕೈ ಇಟ್ಟ. ಕಣ್ಣು ಮುಚ್ಚಿದ. ಗೋಡೆಗೆ ಒರಗಿದ.

ಉತ್ತರ ಬಾರದ್ದಕ್ಕೆ ಹೆಂಡತಿ ತಿರುಗಿ ನೋಡಿದಳು. ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. "ಯಾಕ್ರೀ, ಏನಾಗ್ತಿದೆ?"

ತಡಿ ಎಂಬಂತೆ ಇನ್ನೊಂದು ಕೈ ಎತ್ತಿ, "ಬರ್ತಾ ಇದೆ" ಎಂದ.

"ಏನ್ ಬರ್ತಾ ಇದೆ?"

"ಇನ್ನೂ ಗೊತ್ತಾಗ್ತಿಲ್ಲ. ಒಳಗಿಂದ ಬರ್ತಾ ಇದೆ."

ಅವನು ಕಣ್ಣು ಬಿಟ್ಟು "ಟೀ" ಎನ್ನುವ ಹೊತ್ತಿಗೆ ಅವಳು ತಟ್ಟೆಯಿಂದ ಗಾಳಿ ಬೀಸಿ, ಮುಖಕ್ಕೆ ನೀರು ಹನಿಸಿ, ಅಂಗಿಯ ಗುಂಡಿ ಬಿಚ್ಚಿ, ಕಾಲು ತಿಕ್ಕಲು ಶುರುಮಾಡಿದ್ದಳು. "ಟೀನೂ ಬೇಡ ಏನೂ ಬೇಡ. ಡಾಕ್ಟ್ರ ಹತ್ರ ನಡೀರಿ."

"ಏನಿಲ್ಲ ಕಣೆ. ಈ ವರ್ಷದಿಂದ ನಂಗೆ ಹೀಗೇ. ಯಾರಿಗೂ ಹೇಳ್ಬೇಡ."

ಯಾರಿಗೂ ಹೇಳಬೇಡ ಎಂದಮೇಲೆ ಹೆಂಡತಿಗೆ ಅನುಮಾನವೇ ಉಳಿಯಲಿಲ್ಲ. ಅವನು ಬೀದಿ ದಾಟುವಷ್ಟರಲ್ಲಿ ಮಹಡಿ ಮೆಟ್ಟಿಲು ಹತ್ತಿ ಓರಗಿತ್ತಿಯ ಮುಂದೆ ನಿಂತಿದ್ದಳು.

"ಅಕ್ಕಾ, ಇವರಿಗೆ ಎದೇಲಿ ಏನೋ ಆಗಿದೆ. ಮುಚ್ಚಿಡ್ತಿದಾರೆ."

"ಅಯ್ಯೋ, ಕೂತ್ಕೊ ಮೊದ್ಲು. ಇವ್ರಿಗೆ ಹೇಳ್ಲಾ?"

"ಭಾವಂಗೆ ಹೇಳಿ ಏನ್ ಪ್ರಯೋಜನ ಅಕ್ಕ? ಏನಾಯ್ತು ಅಂತ ಕೇಳೋಕೆ ಅವರಿಬ್ಬರ ಮಧ್ಯೆ ಬಾಯೇ ಇಲ್ವಲ್ಲ."

ಅಂಗಡಿಯಲ್ಲಿ ಅಂದು ನೂಕುನುಗ್ಗಲು. ವರ್ಷ ಹೊಸದಾದರೆ ಮುಖವೂ ಹೊಸದಾಗಲಿ ಎಂದು ಬಂದವರೇ ಎಲ್ಲ. ಗೋಡೆ ಕುರ್ಚಿಯಲ್ಲಿ ಟೈರ್ ಅಂಗಡಿಯವನು ಕೂತಿದ್ದ. ದೊಡ್ಡ ಆಳು, ಅದಕ್ಕೆ ತಕ್ಕ ಮೀಸೆ. ಮುಖದ ತುಂಬ ನೊರೆ ಬಳಿದು, ತಮ್ಮ ಕತ್ತಿಯನ್ನು ಗಂಟಲ ಪಕ್ಕಕ್ಕೆ ತಂದಿದ್ದ. ಆಗ ಟೈರ್ ಅಂಗಡಿಯವನು ಕೇಳಿದ. "ಹೊಸ ವರ್ಷ ಅಲ್ವಾ, ಮೀಸೆ ತೆಗ್ಸಿಬಿಡೋಣ ಅಂತಿದೀನಿ. ಏನಂತೀಯ?"

ತಮ್ಮನ ಎಡಗೈ ಎದೆಗೆ ಹೋಯಿತು. ಕಣ್ಣು ಮುಚ್ಚಿತು. ಕತ್ತಿ ಗಂಟಲ ಪಕ್ಕದಲ್ಲೇ ನಿಂತಿತು.

ಕಣ್ಣು ಮುಚ್ಚಿದ್ದೇ ತಡ, ಮೀಸೆಯ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಿ ಇನ್ನೊಂದು ಪ್ರಶ್ನೆ ಮುಂದೆ ಬಂದು ನಿಂತಿತು. ಅಣ್ಣನ ಜೊತೆ ಮಾತಾಡಲೇ? ತಮ್ಮ ಗಾಬರಿಯಿಂದ ಅದನ್ನು ಹಿಂದಕ್ಕೆ ಸರಿಸಿ ಮೀಸೆಯನ್ನು ಮತ್ತೆ ಮುಂದಕ್ಕೆ ಎಳೆದ. ಎರಡಕ್ಕೂ ಉತ್ತರ ಬರಲಿಲ್ಲ. ಬರದಿದ್ದರೆ ಇನ್ನೂ ಸ್ವಲ್ಪ ಹೊತ್ತು ಸುಮ್ಮನಿರಬೇಕು ಎಂದಿದ್ದರಲ್ಲ, ಸುಮ್ಮನಿದ್ದ.

ಕನ್ನಡಿಯಲ್ಲಿ ಇದನ್ನು ಕಂಡ ಅಣ್ಣನ ಕತ್ತರಿಯೂ ನಿಂತಿತು. "ಅವನಿಗೆ ಏನಾಯ್ತು ಕೇಳಿ" ಎಂದ ದರ್ಜಿಗೆ, ಮೆಲ್ಲಗೆ.

ದರ್ಜಿ ಪೇಪರ್ ಇಳಿಸಿ ಟೈರ್ ಅಂಗಡಿಯವನನ್ನು ಕೇಳಿದ. "ಏನಾಯ್ತಂತೆ?"

ಗಂಟಲ ಪಕ್ಕ ಕತ್ತಿ ಇಟ್ಟುಕೊಂಡವನು ತುಟಿ ಅಲ್ಲಾಡಿಸುವುದು ಹೇಗೆ. ಮೂಗಿನಿಂದ "ಉಂ" ಎಂದ.

"ಉಂ ಅಂತಿದಾರೆ" ಎಂದು ದರ್ಜಿ ಅಣ್ಣನಿಗೆ ಮುಟ್ಟಿಸಿದ.

ತಮ್ಮ ಕಣ್ಣು ಬಿಟ್ಟ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ. "ಏನಿಲ್ಲ ಅಂತ ಹೇಳಿ. ಇದು ಒಳಗಿಂದು. ಹೊರಗೆ ಹೇಳ್ಕೊಳ್ಳೋ ಹಾಗಿಲ್ಲ."

ದರ್ಜಿ ಎಂಥೆಂಥದೋ ಮಾತಿಗೆ ಅಂಚು ಮಡಿಸಿದವನು, ಈ ಮಾತನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಇದ್ದ ಹಾಗೇ ದಾಟಿಸಿದ. ಅಣ್ಣ ಕನ್ನಡಿಯ ಕಡೆ ಮುಖ ತಿರುಗಿಸಿ, ಈಗಾಗಲೇ ಮುಗಿದಿದ್ದ ತಲೆಯನ್ನು ಇನ್ನೊಂದು ಸಲ ಕತ್ತರಿಸಲು ಶುರುಮಾಡಿದ. ಟೈರ್ ಅಂಗಡಿಯವನು "ಮೀಸೆ ಇರ್ಲಿ, ಗಡ್ಡಾನೂ ಇರ್ಲಿ, ಉಳಿದಿದ್ದು ಮನೇಲಿ ನೋಡ್ಕೋತೀನಿ" ಎನ್ನುತ್ತಾ ಮುಖದ ನೊರೆಯಲ್ಲೇ ಎದ್ದು ಹೊರಟ. ಆ ನೊರೆಯ ಮುಖ ಬೀದಿಯ ಉದ್ದಕ್ಕೂ ಸುದ್ದಿ ಹಂಚಿಕೊಂಡು ಹೋಯಿತು.

ಸುದ್ದಿ ಔಷಧಿ ಅಂಗಡಿ ಮುಟ್ಟಿದಾಗ ತಮ್ಮನಿಗೆ ಆಗಾಗ ಎದೆ ಹಿಡಿಯುತ್ತದೆ ಎಂದಿತ್ತು. ತರಕಾರಿಯವಳ ಹತ್ತಿರ ಬಂದಾಗ ನಿಂತಲ್ಲೇ ಬೀಳುತ್ತಾನೆ ಎಂದಾಯಿತು. ಸಂಜೆಗೆ ಡಾಕ್ಟರು ಕೈಬಿಟ್ಟಿದ್ದಾರೆ ಎಂಬಲ್ಲಿಗೆ ಬಂದು ನಿಂತಿತು. ಯಾವ ಡಾಕ್ಟರು ಎಂದು ಒಬ್ಬರೂ ಕೇಳಲಿಲ್ಲ.

ಮಾರನೆಯ ದಿನದಿಂದ ತಮ್ಮನ ಬದುಕಿನಲ್ಲಿ ನಂಬಲಾಗದ ಸಂಗತಿಗಳು ನಡೆಯತೊಡಗಿದವು. ಗೋಡೆ ನಡುಗುವಂತೆ ಹಾಡು ಹಾಕುತ್ತಿದ್ದ ಎದುರುಮನೆಯವರು ಸದ್ದು ತಗ್ಗಿಸಿದರು. ಏಣಿ ಒಯ್ದು ಮರೆತೇಬಿಟ್ಟಿದ್ದ ಭಾವಮೈದ ಅದನ್ನು ತೊಳೆದು, ಸಡಿಲವಾಗಿದ್ದ ಮೆಟ್ಟಿಲಿಗೆ ಮೊಳೆ ಹೊಡೆದು ತಂದುಕೊಟ್ಟ. ಹೋಗುವಾಗ ಕೈ ಹಿಡಿದು, "ಭಾವ, ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಮನಸ್ಸಲ್ಲಿ ಇಟ್ಕೋಬೇಡಿ" ಎಂದ. ಹಣ್ಣಿನ ಚೀಲಗಳು ಬಂದವು. ಊಟದಲ್ಲಿ ಉಪ್ಪಿರಲಿಲ್ಲ, ಆದರೆ ಹೆಂಡತಿ ಪಕ್ಕದಲ್ಲೇ ಕೂತು ಬಡಿಸುತ್ತಿದ್ದಳು. ಮಹಡಿಯ ಅತ್ತಿಗೆ ದಿನವೂ ಕೆಳಗಿಳಿದು ಬಂದು, ಏನೂ ಹೇಳದೆ, ಅವನನ್ನೇ ಸ್ವಲ್ಪ ಹೊತ್ತು ನೋಡಿ ಹೋಗುತ್ತಿದ್ದಳು.

ಅಂಗಡಿಯಲ್ಲಂತೂ ಇನ್ನೂ ವಿಚಿತ್ರ. ಅವನು ಬರುವಷ್ಟರಲ್ಲಿ ಬಿಸಿನೀರು ಸಿದ್ಧ. ಎಷ್ಟೋ ಗಿರಾಕಿಗಳ ಕೈಲಿ ಹೇಳಿಕಳಿಸಿದರೂ ರಿಪೇರಿಯಾಗದೆ ತೊಟ್ಟಿಕ್ಕುತ್ತಿದ್ದ ನಲ್ಲಿ ಒಂದು ಬೆಳಿಗ್ಗೆ ನಿಂತುಬಿಟ್ಟಿತ್ತು. ಅವನು ನಿಲ್ಲುವ ಜಾಗದ ಹಿಂದೆ ಒಂದು ಸ್ಟೂಲು ಬಂದಿತ್ತು, ಮೇಲೆ ದಪ್ಪ ದಿಂಬು ಬೇರೆ. ಇದನ್ನೆಲ್ಲ ಯಾರು ಮಾಡುತ್ತಿದ್ದಾರೆ ಎಂದು ತಮ್ಮ ಯಾರನ್ನೂ ಕೇಳಲಿಲ್ಲ. ಅವನಿಗೆ ಗೊತ್ತಿತ್ತು, ಎಲ್ಲ ಒಳಗಿನ ತಿಳಿವಳಿಕೆಯ ಮಹಿಮೆ. ಅದು ಇನ್ನೂ ಒಂದು ಮಾತನ್ನೂ ಆಡಿಲ್ಲ, ಆಗಲೇ ಇಷ್ಟು. ಬಾಯಿ ಬಿಟ್ಟರೆ ಇನ್ನೆಷ್ಟೋ ಎಂದುಕೊಂಡು, ಪ್ರಶ್ನೆ ಇಲ್ಲದಾಗಲೂ ನಡುನಡುವೆ ಎದೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿ ಕೃತಜ್ಞತೆ ಸಲ್ಲಿಸತೊಡಗಿದ. ನೋಡಿದವರು ಇನ್ನಷ್ಟು ಹಣ್ಣು ತಂದರು.

ಒಂದೇ ಒಂದು ಕೊರತೆ. ಗೋಡೆ ಕುರ್ಚಿಗೆ ಗಿರಾಕಿ ಬರುತ್ತಿರಲಿಲ್ಲ. ಜನ ಬೆಂಚು ತುಂಬಿ ಬಾಗಿಲಲ್ಲಿ ನಿಂತರೂ ಬಾಗಿಲ ಕುರ್ಚಿಗೇ ಕಾಯುತ್ತಿದ್ದರು. ಮೊದಲು ತಮ್ಮ ಇದನ್ನೂ ಮಹಿಮೆಯೆಂದೇ ಸಹಿಸಿದ. ಆದರೆ ಒಂದು ದಿನ ಕನ್ನಡಿಯಲ್ಲಿ ಕಂಡ. ತನ್ನ ಕಡೆ ಬರುತ್ತಿದ್ದ ಹೊಸ ಗಿರಾಕಿಯೊಬ್ಬನಿಗೆ ಅಣ್ಣ ಬೆರಳಿನಿಂದ ಸನ್ನೆ ಮಾಡುತ್ತಿದ್ದಾನೆ. ಅತ್ತ ಬೇಡ, ಇಲ್ಲೇ ಕೂತ್ಕೊಳ್ಳಿ.

ತಮ್ಮನ ಮುಖ ಮತ್ತೆ ಹಳೆಯ ಹಾಗೆ ಕೆಂಪಗಾಯಿತು. ದರ್ಜಿಯ ಕಡೆ ತಿರುಗಿದ. "ಅವರನ್ನ ಕೇಳಿ, ಅವತ್ತು ಕತ್ತರಿ ಕಿತ್ಕೊಂಡಿದ್ದಾಯ್ತು, ಈಗ ಕುರ್ಚೀನೂ ಕಿತ್ಕೋಬೇಕಾ ಅಂತ."

ದರ್ಜಿ ಪೇಪರ್ ಮಡಿಸಿ ಪಕ್ಕಕ್ಕಿಟ್ಟ. "ಇದನ್ನ ನಾನು ಹೇಳಲ್ಲ."

"ಯಾಕೆ ಹೇಳಲ್ಲ? ದಿನಾ ಹೇಳಲ್ವಾ?"

"ಬಟ್ಟೆ ನೋಡಿ ಹೊಲಿಯೋನು ನಾನು. ಈ ಬಟ್ಟೆಗೆ ಸೂಜಿ ಹಾಕಲ್ಲ."

ಅಣ್ಣನ ಕಿವಿಗೆ ಮಾತು ಬಿದ್ದಿತ್ತು. ಆದರೆ ದಾಟಿಸುವವನು ದಾಟಿಸಲಿಲ್ಲವಾಗಿ ಅದಕ್ಕೆ ಉತ್ತರ ಕೊಡಲು ದಾರಿಯಿರಲಿಲ್ಲ. ತಮ್ಮನಿಗೆ ಬೆನ್ನು ಮಾಡಿಕೊಂಡು ಬಾಚಣಿಗೆ ಒರೆಸುತ್ತಾ ನಿಂತ. ಆಗಲೇ ನಗರಸಭೆಯ ಆರೋಗ್ಯ ನಿರೀಕ್ಷಕರು ಬಾಗಿಲಲ್ಲಿ ಕಾಣಿಸಿಕೊಂಡದ್ದು.

"ಗೋಡೆ ಕುರ್ಚಿ ಯಾರು?" ಎಂದರು.

"ನಾನೇ ಸಾರ್."

"ನಿನ್ ಮೇಲೆ ದೂರು ಬಂದಿದೆ. ಕತ್ತಿ ಹಿಡಿದಿರೋವಾಗ್ಲೇ ಎಚ್ಚರ ತಪ್ಪುತ್ತಂತೆ. ಇದು ಸಾರ್ವಜನಿಕರ ಗಂಟಲಿನ ಪ್ರಶ್ನೆ. ಇವತ್ತಿಂದ ಈ ಕುರ್ಚಿ ಬಂದ್."

ತಮ್ಮನ ಕಾಲಿನ ಕೆಳಗಿನ ನೆಲವೇ ಸರಿದ ಹಾಗಾಯಿತು. ಹುಟ್ಟಿ ಬುದ್ಧಿ ಬಂದಾಗಿನಿಂದ ಅವನು ನಿಂತ ಜಾಗ ಅದೊಂದೇ. ಎಚ್ಚರ ತಪ್ಪುವುದು ಎಲ್ಲಿಂದ ಬಂತು ಎಂಬುದೇ ಅವನಿಗೆ ಅರ್ಥವಾಗಲಿಲ್ಲ. "ನಂಗೆ ಅಂಥದ್ದೇನೂ ಇಲ್ಲ ಸಾರ್. ಬೇಕಾದ್ರೆ ಪರೀಕ್ಷೆ ಮಾಡಿ. ಯಾರಿಗಾದ್ರೂ ಶೇವ್ ಮಾಡಿ ತೋರಿಸ್ತೀನಿ."

"ಆಯ್ತು. ಯಾರಿಗೆ ಮಾಡ್ತೀಯ?"

ಬೆಂಚಿನ ಮೇಲಿದ್ದವರೆಲ್ಲ ಕೆನ್ನೆ ಮುಟ್ಟಿಕೊಂಡರು. ಒಬ್ಬ, ತಾನು ಕಟಿಂಗಿಗೆ ಮಾತ್ರ ಬಂದದ್ದು ಎಂದ. ಇನ್ನೊಬ್ಬ, ಬಂದದ್ದೇ ಕಟಿಂಗಿಗಲ್ಲ, ದಾರಿ ಕೇಳುವುದಕ್ಕೆ ಎಂದ. ಗಡ್ಡ ಮುಳ್ಳಿನ ಹಾಗೆ ಬೆಳೆದಿದ್ದ ದರ್ಜಿ, "ನಾನು ಬೆಳಿಗ್ಗೇನೇ ಮಾಡ್ಕೊಂಡೆ" ಎಂದು ನೆಲ ನೋಡಿದ. ತಮ್ಮ ನಿರೀಕ್ಷಕರ ಕಡೆ ನೋಡಿದ. ನಿರೀಕ್ಷಕರು ನುಣ್ಣಗಿದ್ದ ಗಲ್ಲವನ್ನು ಸವರಿಕೊಂಡು, "ನಾನು ಗಡ್ಡ ಬಿಡ್ತಿದೀನಿ" ಎಂದರು.

"ನಾನು ಕೂತ್ಕೋತೀನಿ ಸಾರ್."

ಎಲ್ಲರೂ ತಿರುಗಿದರು. ಅಣ್ಣ ಬಾಚಣಿಗೆ ಕೆಳಗಿಟ್ಟು, ಮೈಮೇಲಿನ ಏಪ್ರನ್ ಬಿಚ್ಚಿ, ಆ ಒಂದು ಮಾರು ಜಾಗವನ್ನು ದಾಟಿ ಬಂದು ಗೋಡೆ ಕುರ್ಚಿಯಲ್ಲಿ ಕೂತ. ತಲೆಯನ್ನು ಹಿಂದಕ್ಕೆ ಒರಗಿಸಿ ಗಂಟಲು ಮುಂದೆ ಮಾಡಿದ.

"ಯೋಚ್ನೆ ಮಾಡು ಮಹಾರಾಯ" ಎಂದರು ನಿರೀಕ್ಷಕರು. "ಇವನಿಗೆ ಎಚ್ಚರ ತಪ್ಪಿದ್ರೆ ನಾನು ಜವಾಬ್ದಾರಿ ಅಲ್ಲ."

"ಯೋಚ್ನೆ ಮಾಡಿಯೇ ಕೂತಿದೀನಿ."

ತಮ್ಮ ಅಣ್ಣನ ಕೊರಳಿಗೆ ಬಟ್ಟೆ ಸುತ್ತಿದ. ಬ್ರಷ್ಷಿನಿಂದ ನೊರೆ ಎಬ್ಬಿಸಿ ಬಳಿದ. ಇನ್ನು ಗಿರಾಕಿಯನ್ನು ಕೇಳಬೇಕಾದ್ದನ್ನು ಕೇಳಬೇಕು. ಆದರೆ ಗಿರಾಕಿಯೇ ಅಣ್ಣ. ಯಾರ ಕೈಲಿ ಕೇಳಿಸುವುದು. ಅಭ್ಯಾಸದ ಬಲದಿಂದ ದರ್ಜಿ ಅರ್ಧ ಎದ್ದ. ಯಾರಿಗೆ ಏನು ದಾಟಿಸಬೇಕೆಂದು ತಿಳಿಯದೆ ಮತ್ತೆ ಕೂತ. ಇಂಥ ಇಕ್ಕಟ್ಟಿನಲ್ಲಿ ಒಳಗಿನ ತಿಳಿವಳಿಕೆಯಲ್ಲದೆ ಗತಿಯಿಲ್ಲ. ತಮ್ಮನ ಎಡಗೈ ಮೆಲ್ಲಗೆ ಎದೆಯ ಕಡೆ ಏಳತೊಡಗಿತು.

"ಕಣ್ ಮುಚ್ಬೇಡ್ವೋ" ಎಂದ ಅಣ್ಣ.

ಕೈ ಅಲ್ಲೇ ನಿಂತಿತು. ತಮ್ಮ ಹಿಂದೆ ಮುಂದೆ ನೋಡಿ, "ಯಾರಿಗೆ ಹೇಳಿದ್ದು?" ಎಂದ.

"ನಿಂಗೇ."

"ಮುಚ್ಚಲ್ಲ ಬಿಡು."

"ಎದೆ ನೋಯ್ತಿದ್ಯಾ?"

"ಇಲ್ಲ ಅಣ್ಣ."

"ಸುಳ್ಳು ಹೇಳ್ಬೇಡ. ನೋವು ಬಂದ್ರೆ ಕತ್ತಿ ಆ ಕಡೆ ಎಸ್ದು ಹಿಂದಕ್ಕೆ ಕೂತ್ಬಿಡು. ಸ್ಟೂಲು ಅದಕ್ಕೇ ಇಟ್ಟಿರೋದು. ಬಿದ್ರೆ ತಲೆಗೆ ಪೆಟ್ಟಾಗುತ್ತೆ ಅಂತ ದಿಂಬು ಹಾಕಿದೀನಿ."

ತಮ್ಮ ಸ್ಟೂಲು ನೋಡಿದ. ದಿಂಬು ನೋಡಿದ. ಅದು ಅಣ್ಣನ ಮನೆಯದು, ಅವನು ತಲೆಗಿಟ್ಟುಕೊಳ್ಳುವುದು. ನಿಂತ ನಲ್ಲಿ ನೋಡಿದ. ಕುರ್ಚಿಯಲ್ಲಿ ಗಂಟಲು ಒಡ್ಡಿಕೊಂಡು ಕೂತ ಅಣ್ಣನನ್ನು ನೋಡಿದ. ತಾನು ನಿಂತಲ್ಲೇ ಬೀಳುವ ರೋಗಿ ಎಂದು ನಂಬಿಯೇ ಈ ಮನುಷ್ಯ ಬಂದು ಕೂತಿದ್ದಾನೆ.

"ಇನ್ನೂ ಶುರುನೇ ಮಾಡಿಲ್ಲ" ಎಂದರು ನಿರೀಕ್ಷಕರು. "ಕಣ್ಣಲ್ಲಿ ನೀರೂ ಬರ್ತಿದೆ."

"ಕಣ್ಣಿಗೆ ನೊರೆ ಹೋಯ್ತು ಸಾರ್" ಎಂದ ತಮ್ಮ. ನೊರೆ ಇದ್ದದ್ದು ಅಣ್ಣನ ಮುಖದ ಮೇಲೆ. ಯಾರೂ ಅದನ್ನು ಎತ್ತಿ ಆಡಲಿಲ್ಲ.

ತಮ್ಮ ಕಣ್ಣು ಒರೆಸಿಕೊಂಡು, ಒಂದು ಕೆನ್ನೆಯನ್ನು ಕಿವಿಯಿಂದ ಗಲ್ಲದವರೆಗೆ, ಗಂಟಲನ್ನೂ ಸೇರಿಸಿ, ಒಂದು ಗೀರೂ ಬೀಳದ ಹಾಗೆ ಮುಗಿಸಿದ. ನಿರೀಕ್ಷಕರು ಹತ್ತಿರ ಬಂದು, ಬಗ್ಗಿ, ಕೆನ್ನೆಯನ್ನು ಬೆರಳಿನಿಂದ ಸವರಿ ನೋಡಿದರು. ಕುರ್ಚಿ ಬಂದ್ ಮಾಡುವ ಅಗತ್ಯ ಕಾಣುವುದಿಲ್ಲ ಎಂದರು. ಯಾವಾಗಲಾದರೂ ತಾವೂ ಬರುವುದಾಗಿ ಹೇಳಿ ಹೊರಟರು. ಹೋಗುವಾಗ ತಮ್ಮದೇ ಗಲ್ಲವನ್ನೂ ಒಮ್ಮೆ ಸವರಿಕೊಂಡರು.

ಆಗ ತಮ್ಮನಿಗೆ ಭಯವಾದದ್ದು. ರೋಗಿ ಎಂದುಕೊಂಡು ಬಂದ ಮಾತು ಇದು. ರೋಗವಿಲ್ಲ ಎಂದು ತಿಳಿದರೆ ಬಂದ ದಾರಿಯಲ್ಲೇ ಹೋಗಿಬಿಟ್ಟರೆ? ಸುಮ್ಮನೆ ಎದೆ ಹಿಡಿದುಕೊಂಡು ಇನ್ನೊಂದಿಷ್ಟು ದಿನ ಕಳೆದರೂ ನಡೆಯುತ್ತಿತ್ತು. ಆದರೆ ಆ ದಿಂಬು ಅಲ್ಲಿ ಕೂತು ನೋಡುತ್ತಿತ್ತು.

"ಅಣ್ಣ, ನಂಗೇನೂ ಆಗಿಲ್ಲ" ಎಂದ. "ಗುಂಡುಕಲ್ಲಿನ ಹಾಗಿದೀನಿ. ಎದೆ ಮೇಲೆ ಕೈ ಇಟ್ಟು ಕಣ್ ಮುಚ್ಚಿದ್ರೆ ಒಳಗಿಂದ ಉತ್ತರ ಬರುತ್ತೆ ಅಂತ ಆ ಭಾಷಣದವ್ರು ಹೇಳಿದ್ರು. ಅದನ್ನ ಕೇಳಿಸ್ಕೋತಾ ಇದ್ದೆ."

ಅಣ್ಣ ಕೊರಳ ಬಟ್ಟೆಯ ಸಮೇತ, ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ನೊರೆಯಾಗಿ ಎದ್ದುನಿಂತ. ಬೆಂಚಿನ ಮೇಲಿದ್ದವರು ಕಾಲು ಒಳಗೆ ಎಳೆದುಕೊಂಡರು.

"ಕತ್ತೆ" ಎಂದ ಅಣ್ಣ. "ದಿಂಬಿಲ್ದೆ ಕತ್ತು ಹಿಡ್ಕೊಂಡಿದೆ ನಂಗೆ. ನಿಮ್ಮತ್ತಿಗೆ ಊಟ ಸರಿಯಾಗಿ ಮಾಡಿಲ್ಲ. ನಲ್ಲಿ ರಿಪೇರಿ ಮಾಡೋಕೆ ಹೋಗಿ ಬೆರಳು ಜಜ್ಕೊಂಡೆ. ನೀನಿಲ್ಲಿ ಕಣ್ ಮುಚ್ಕೊಂಡು ಉತ್ತರ ಕೇಳಿಸ್ಕೋತಿದ್ಯಾ?"

"ಹೂಂ ಅಣ್ಣ."

"ಏನ್ ಉತ್ತರ ಬಂತು?"

"ಏನೂ ಬರ್ಲಿಲ್ಲ."

"ಬರೋಕೆ ಏನಾದ್ರೂ ಕೇಳಿರ್ಬೇಕಲ್ಲ. ಏನ್ ಕೇಳ್ದೆ?"

"ನಿನ್ ಜೊತೆ ಮಾತಾಡ್ಲಾ ಅಂತ."

ಅಣ್ಣನ ಮುಖದ ನೊರೆ ಒಣಗುತ್ತಿತ್ತು. "ಅದನ್ನ ನನ್ನ ಕೇಳೋಕೆ ಏನ್ ಕಷ್ಟ?"

"ಹೇಗೆ ಕೇಳ್ಲಿ? ಮಾತು ಬಿಟ್ಟೋನು ನೀನು."

"ನಾನೆಲ್ಲಿ ಬಿಟ್ಟೆ? ಮಾತಾಡ್ಬೇಡ ಅಂದೋನು ನೀನು."

"ಬೇಡ ಅಂದ್ರೆ ಬಿಟ್ಟೇಬಿಡೋದಾ? ಒಂದ್ಸಲ ಬಾರೋ ಅನ್ಬಾರ್ದಿತ್ತಾ?"

"ನೀನು ಅರ್ಧ ತಲೆ ಹಾಳ್ಮಾಡಿದ್ದೆ, ನಾನು ಬಾರೋ ಅನ್ಬೇಕಿತ್ತಾ?"

"ಹಾಳ್ಮಾಡಿದ್ದು ನಿನ್ನರ್ಧ. ನನ್ನರ್ಧ ಚೆನ್ನಾಗೇ ಇತ್ತು."

ಕಟ್ಟಿಟ್ಟಿದ್ದ ಮಾತೆಲ್ಲ ಎರಡು ಕಡೆಯಿಂದಲೂ ಬಿಚ್ಚಿಕೊಂಡು ಸುರಿಯತೊಡಗಿತು. ಬೈಗುಳ ಒಂದೊಂದಾಗಿ ಮೈಮೇಲೆ ಬೀಳುತ್ತಿದ್ದರೆ, ಚಳಿಗಾಲದಲ್ಲಿ ಬಿಸಿನೀರು ಹುಯ್ಯಿಸಿಕೊಳ್ಳುವವನ ಹಾಗೆ ತಮ್ಮ ಸುಖವಾಗಿ ನಿಂತಿದ್ದ. ಸಾಲದ್ದಕ್ಕೆ ನಡುನಡುವೆ ಒಂದು ಮಾತು ಹಾಕಿ ಇನ್ನಷ್ಟು ಬೈಸಿಕೊಳ್ಳುತ್ತಿದ್ದ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಒಳಗೆ ಇಣುಕಿದರು.

ಇಷ್ಟು ಏರಿದ ದನಿಯನ್ನು ಕೇಳಿ ದರ್ಜಿಗೆ ಸಹಿಸಲಾಗಲಿಲ್ಲ. ಎದ್ದು ನಡುವೆ ಬಂದು ನಿಂತು, ತಮ್ಮನ ಕಡೆ ತಿರುಗಿ ಮೆತ್ತಗೆ ಶುರುಮಾಡಿದ. "ನಿಮ್ಮಣ್ಣ ಹೇಳ್ತಿರೋದು ಏನಪ್ಪಾ ಅಂದ್ರೆ..."

"ನೀವು ಸುಮ್ನೆ ಕೂತ್ಕೊಳ್ಳಿ" ಎಂದರು ಇಬ್ಬರೂ ಒಟ್ಟಿಗೆ.

ದರ್ಜಿ ಕೂತ. ಅಷ್ಟು ಸಂತೋಷವಾಗಿ ಅವನು ಆ ಬೆಂಚಿನ ಮೇಲೆ ಯಾವತ್ತೂ ಕೂತಿರಲಿಲ್ಲ.